ಮರಳ ಮೇಲಣ ಓದು

ನಮ್ಮ ಹಳೆಯ ಕೂಲಿಮಠಗಳ ಮಾತು ಬಂದಿತೆಂದರೆ ವಿದ್ಯಾವಂತರ ಮನೆಗಳಲ್ಲಿ ಮೊದಲು ನೆನಪಿಗೆ ಬರುವುದು ಅಲ್ಲಿಯ ಬೆತ್ತ, ಅನಂತರ ಕೋದಂಡ. ಹುಡುಗನ ಕೈಗಳೆರಡನ್ನೂ ಹಗ್ಗದಿಂದ ಬಿಗಿದು ತೊಲೆಗೆ ತೂಗಹಾಕುತ್ತಿದ್ದ ಆ ಶಿಕ್ಷೆಯ ಕತೆಯನ್ನು ಅಜ್ಜಂದಿರ ಬಾಯಿಂದ ಕೇಳದವರು ವಿರಳ. ಇದಕ್ಕೆ ಪ್ರತಿಯಾಗಿ, ಆ ಮಠಗಳನ್ನು ಋಷ್ಯಾಶ್ರಮಗಳೆಂದೇ ಬಣ್ಣಿಸಿ, ಆ ಕಾಲ ಹೋಯಿತಲ್ಲಾ ಎಂದು ನಿಟ್ಟುಸಿರಿಡುವವರೂ ಇದ್ದಾರೆ. ಈ ಎರಡು ಪಕ್ಷಗಳಿಗೂ ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಅಲ್ಲಿಯ ಗುರುವನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ಹುಡುಗರು ತಮ್ಮ ತಮ್ಮೊಳಗೆ ಹೇಗೆ ಓದುತ್ತಿದ್ದರು, ಹೇಗೆ ಬರೆಯುತ್ತಿದ್ದರು ಎಂಬುದನ್ನಷ್ಟೆ ನೋಡಬೇಕೆಂದಿದ್ದೇನೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ಒಳ್ಳೆಯ ಸಾಕ್ಷಿಗಳು ದೊರೆಯುತ್ತವೆ. ಇವುಗಳ ನಡುವೆ ಸರಿಯಾಗಿ ಇನ್ನೂರು ವರ್ಷಗಳ ಅಂತರ. ಸಾಕ್ಷಿ ನುಡಿದವರಿಬ್ಬರೂ ಹೊರನಾಡಿನವರು. ನಮ್ಮವರಿಗೆ ಇದು ದಿನನಿತ್ಯದ ನೋಟವಾಗಿದ್ದುದರಿಂದ ಬರೆದಿಡತಕ್ಕ ಸಂಗತಿಯೆಂದು ತೋರಿರಲಾರದು.

ಮೊದಲನೆಯದು ಕ್ರಿ. ಶ. 1623ರ ನವೆಂಬರ್ ತಿಂಗಳಿನದು. ಗೋವೆಯ ಪೋರ್ಚುಗೀಸರ ರಾಯಭಾರಿಯೊಬ್ಬನು ಕೆಳದಿಯ ವೆಂಕಟಪ್ಪನಾಯಕನನ್ನು ಕಾಣುವುದಕ್ಕಾಗಿ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಪಯಣ ಮಾಡುತ್ತಿದ್ದನು. ಅವನ ಸಂಗಡ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಕುಲೀನನೊಬ್ಬನಿದ್ದನು. ಇವನಿಗೆ ರಾಜಕಾರ್ಯವೇನೂ ಇರಲಿಲ್ಲ. ದೇಶ ನೋಡುವುದೇ ಅವನ ಕಾರ್ಯ. ಬಾಗ್ದಾದಿನಲ್ಲಿ ಮದುವೆಯಾಗಿದ್ದ ಹೆಂಡತಿಯು ಪಾರಸಿಕ ದೇಶದಲ್ಲಿ ತೀರಿಕೊಂಡಿರಲು, ಅವಳ ಕಳೇಬರವನ್ನು ಪೆಟ್ಟಿಗೆಯಲ್ಲಿರಿಸಿಕೊಂಡು ತನ್ನೂರಿನಲ್ಲಿಯೇ ಸಮಾಧಿ ಮಾಡಬೇಕೆಂದು ಹೊರಟವನು ಈತ. ಇಂಥ ಭಾರವನ್ನು ಹೊತ್ತ ಮನುಷ್ಯನಿಗೆ ದಾರಿಯ ಬದಿಯ ಮಕ್ಕಳ ಪಾಠವು ಕಣ್ಣಿಗೆ ಬಿದ್ದುದೇ ಆಶ್ಚರ್ಯ. ಆದರೆ ಅವನ ಕಣ್ಣು ಬಹಳ ಚುರುಕು. ಕಂಡುದನ್ನೆಲ್ಲ ನೇಪಲ್ಸ್ ನಗರದಲ್ಲಿದ್ದ ವೈದ್ಯ ಮಿತ್ರನಿಗೆ ಪತ್ರಗಳಲ್ಲಿ ಬರೆಯುವ ಅಭ್ಯಾಸವಿದ್ದುದರಿಂದ ಲೆಕ್ಕಣಿಕೆಯೂ ಸದಾ ಸಿದ್ಧವಾಗಿತ್ತು.

ಘಟ್ಟದ ಮೇಲೆ ಸಾಮಾನು ಹೊರೆಗಳನ್ನು ಅಣಿಗೊಳಿಸುವವರೆಗೆ ಆತನು ಒಂದು ದೇವಾಲಯದ ಮುಖಮಂಟಪದಲ್ಲಿ ಕಾಲ ಕಳೆಯಬೇಕಾಯಿತು. ಅಲ್ಲಿ ನಾಲ್ವರು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದರು. ನಾಲ್ವರಿಗೂ ಗುರುವಿನಿಂದ ಒಂದೇ ಪಾಠವಾಗಿತ್ತು. ಗುರುವು ಆಗ ಅಲ್ಲಿರಲಿಲ್ಲ. ನೆಲದ ಮೇಲೆ ನಯವಾದ ಮರಳನ್ನು ತೆಳ್ಳಗೆ ಹರಡಿತ್ತು. ಒಬ್ಬ ಹುಡುಗನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ, ಹೇಳಿದುದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು. ಅವನು ಮುಗಿಸಿದೊಡನೆ ಉಳಿದವರೆಲ್ಲ ಅದೇ ರಾಗದಲ್ಲಿ ಅದನ್ನೇ ಹೇಳುತ್ತ ಬರೆಯುವರು. ಮತ್ತೆ ಮೊದಲಿನವನು ಮುಂದಿನ ಭಾಗವನ್ನೆತ್ತಿಕೊಳ್ಳುವನು. ನೆಲವೆಲ್ಲ ಬರಹದಿಂದ ತುಂಬಿದರೆ ಕೈಯಿಂದ ಅಳಿಸಿ, ಬೇಕಾದರೆ ಹೊಸ ಮರಳು ಹರಡಿ, ಮುಂದುವರಿಸುವರು. ಓದುಬರಹವನ್ನೂ ಕಾಗದ ಮಸಿಗಳ ವೆಚ್ಚವಿಲ್ಲದೆ ಹೀಗೆಯೇ ಕಲಿಯುವೆವೆಂದು ಅವರು ಆತನಿಗೆ ತಿಳಿಸಿದರು.

ಇಷ್ಟೇ ಆಗಿದ್ದರೆ ಇದೊಂದು ಸೊಗಸಾದ ಪ್ರವಾಸಚಿತ್ರವಾಗಿ ಉಳಿಯುತ್ತಿತ್ತು. ಆದರೆ ಆತನು ಸುಮ್ಮನೆ ನೋಡಿ ಎದ್ದು ಹೋಗಲಿಲ್ಲ; ಒಂದು ಪ್ರಶ್ನೆಯನ್ನು ಕೇಳಿದನು. ನೀವೆಲ್ಲರೂ ಕಲಿಯುವವರೇ, ತಪ್ಪಿದರೆ ತಿದ್ದುವವರು ಯಾರು? ಎಂಬುದೇ ಆ ಪ್ರಶ್ನೆ. ಹುಡುಗರು ಕೊಟ್ಟ ಉತ್ತರದ ಸಾರಾಂಶವಿದು: ಒಂದೇ ತೊಡಕು ನಾಲ್ವರನ್ನೂ ಒಂದೇ ಸಮಯದಲ್ಲಿ ಕಾಡುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಇತರರು ತಿದ್ದಲಿ ಎಂದೇ ನಾವು ಯಾವಾಗಲೂ ಕೂಡಿ ಅಭ್ಯಾಸ ಮಾಡುವೆವು. ಈ ಉತ್ತರವು ಬಹಳ ಯುಕ್ತವಾದುದೆಂದು ಆತನಿಗೆ ತೋರಿತು.

ಹುಡುಗರ ಈ ಮಾತಿನಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಕೂಡಿ ಓದುವುದು ಅವರಿಗೆ ಬೇಸರ ಕಳೆಯುವ ಉಪಾಯವಾಗಿರಲಿಲ್ಲ, ಸ್ಥಳದ ಅಭಾವದಿಂದ ಬಂದ ಕಷ್ಟವೂ ಆಗಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣವನ್ನು ಅವರು ಪರದೇಶದವನ ಮುಂದೆ ವಿವರಿಸಿ ಹೇಳಬಲ್ಲವರಾಗಿದ್ದರು. ಇದು ಒಂದು. ಇನ್ನೊಂದು, ನಾಲ್ವರಲ್ಲಿ ಯಾವನೊಬ್ಬನೂ ಜಾಣನೆಂದು ಗೊತ್ತುಮಾಡಿ ಅವನ ಕೈಗೆ ತಿದ್ದುವ ಅಧಿಕಾರವನ್ನು ಕೊಟ್ಟಿರಲಿಲ್ಲ. ಇಂದು ತಪ್ಪಿದವನು ನಾಳೆ ತಿದ್ದುವನು. ಮರಳ ಮೇಲಣ ಬರಹವು ಎಲ್ಲರ ಕಣ್ಣೆದುರಿಗೂ ಇರುವುದರಿಂದ ತಪ್ಪನ್ನು ಮರೆಮಾಚುವಂತಿಲ್ಲ. ಕೈಯಾಡಿಸಿದರೆ ಅಳಿಸಿಹೋಗುವುದರಿಂದ ತಪ್ಪಿಗೆ ಅಂಜುವಂತೆಯೂ ಇಲ್ಲ. ಈ ಎರಡನೆಯ ಗುಣವು ಕಾಗದಕ್ಕೆ ಇಲ್ಲ.

ಇನ್ನು ಎರಡನೆಯ ಸಾಕ್ಷಿ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೂ ಊರ ಶಾಲೆಗಳ ಲೆಕ್ಕವನ್ನು ಕಳುಹಿಸುವಂತೆ ಆಜ್ಞಾಪಿಸಿದನು. ಹೆಚ್ಚಿನವರು ಅಂಕಿಗಳ ಪಟ್ಟಿಯೊಂದನ್ನು ಲಗತ್ತಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರನಾಗಿದ್ದ ಅಲೆಕ್ಸಾಂಡರ್ ಡಂಕನ್ ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್ 17ರಂದು ದೀರ್ಘವಾದ ವರದಿಯನ್ನೇ ಬರೆದನು. ಈತನು ತೆಲುಗು ವ್ಯಾಕರಣವನ್ನು ರಚಿಸಿದ ಪಂಡಿತನಾದುದರಿಂದ ಶಾಲೆಯೊಳಕ್ಕೆ ಇಣಿಕಿ ನೋಡುವ ಕುತೂಹಲವು ಇದ್ದಿತು. ಆಗಿನ ಬಳ್ಳಾರಿ ಜಿಲ್ಲೆಯು ಇಂದಿನ ಅನಂತಪುರದ ಸೀಮೆಯನ್ನೂ ಒಳಗೊಂಡು ವಿಸ್ತಾರವಾಗಿದ್ದಿತು. ಅಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಮೊದಲಾದುವು. ವಿದ್ಯಾರ್ಥಿಗಳು 6,641. ಎಂದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು ಮಕ್ಕಳು. ಒಂದು ಜಗಲಿಯ ಮೇಲೆ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತುಕೊಳ್ಳಬಹುದಾದ ಸಂಖ್ಯೆ ಇದು.

ಬೆಳಗಿನ ಆರು ಗಂಟೆಗೆ ಮಠ ಕೂಡುವುದು. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೊಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಬರುಬರುತ್ತ ಏರುವುದು. ಕೊನೆಗೆ ಬಂದವನ ಪಾಡು ಏನಾಗುತ್ತಿದ್ದಿತೋ ವಾಚಕರೇ ಊಹಿಸಿಕೊಳ್ಳಬಹುದು. ಅನಂತರ ಮಕ್ಕಳನ್ನು ಅವರವರ ಕಲಿಕೆಗನುಸಾರವಾಗಿ ಸಾಮಾನ್ಯವಾಗಿ ನಾಲ್ಕು ತಂಡಗಳನ್ನಾಗಿ ಮಾಡುವರು. ಮೇಲಿನ ತಂಡವನ್ನು ಗುರುವು ತಾನೇ ನೋಡಿಕೊಳ್ಳುವನು. ಕೆಳಗಿನವುಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು. ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರಗಳನ್ನು ತೀಡುವುದು, ಅದು ಕೈಗೆ ಬಂದ ಮೇಲೆ ಹಲಿಗೆ ಅಥವಾ ಕಡತ. ಹಲಿಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ಪಾಟಿ. ಅದನ್ನು ನಯಮಾಡಿ ಅನ್ನ ಮತ್ತು ಇದ್ದಿಲ ಪುಡಿಯನ್ನು ಬಳಿಯುವರು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟುಗಳ ಲೇಪವನ್ನು ಕೊಟ್ಟುದು. ಇವುಗಳ ಮೇಲೆ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿಬಿಡಬಹುದು. ಈ ಮೂರು ಕನ್ನಡ ಮಾತುಗಳನ್ನೂ ಆ ಇಂಗ್ಲಿಷ್ ಅಧಿಕಾರಿಯು ತನ್ನ ಕಿವಿಗೆ ಬಿದ್ದಂತೆ ವರದಿಯಲ್ಲಿ ಬರೆದಿಟ್ಟಿದ್ದಾನೆ. ಬಳಪವೆಂಬ ಮಾತು ಇಂದಿಗೂ ಮಕ್ಕಳ ಬಾಯಲ್ಲಿ ಉಳಿದಿದೆ.

ಓದಿನ ವಿಷಯದಲ್ಲಿ ಕ್ಯಾಂಪ್‌ಬೆಲ್ ಹೇಳುವ ಒಂದು ಸಂಗತಿಯು ನನಗೆ ಬಹಳ ಮೆಚ್ಚಿಕೆಯಾಯಿತು. ಗುರುವು ಊರ ಬೇರೆ ಬೇರೆ ಕಡೆಗಳಿಂದ ಕಾಗದಪತ್ರಗಳನ್ನು ಕೂಡಿಹಾಕಿ ತಂದು, ನಾನಾ ಕೈಬರಹಗಳನ್ನು ಬಿಡಿಸಿ ಓದುವುದನ್ನು ಹುಡುಗರಿಗೆ ಅಭ್ಯಾಸ ಮಾಡಿಸುತ್ತಿದ್ದನು. ಕ್ಷೇಮಸಮಾಚಾರದ ಓಲೆ ಬರೆಯುವುದು, ಕರಾರುಪತ್ರಗಳ ಒಕ್ಕಣೆ, ಇವೂ ಪಾಠಗಳೇ. ಅಚ್ಚಿನ ಪುಸ್ತಕವಿಲ್ಲದ ಶಾಲೆಯಲ್ಲಿ ಊರೇ ಪಠ್ಯಪುಸ್ತಕವಾಗಿದ್ದಿತು. ಸಾಹುಕಾರನ ಗೀಚುಬರಹ, ಶಾನುಭೋಗನ ಸಂಕ್ಷೇಪಾಕ್ಷರಗಳು, ಇವನ್ನು ಒಬ್ಬನು ಬಿಡಿಸಲಾರದೆ ನಿಂತರೆ ಪಕ್ಕದವನು ಬಿಡಿಸುವನು. ಗೇರುಸೊಪ್ಪೆಯ ಘಟ್ಟದ ಹುಡುಗರ ನ್ಯಾಯವು ಇಲ್ಲಿಯೂ ಸಲ್ಲುವುದು.

ಇದರ ಜೊತೆಗೆ ಪುರಾಣಕಾವ್ಯಗಳ ಓದು. ರಾಮಾಯಣ, ಭಾರತ, ಭಾಗವತಗಳು ಎಲ್ಲ ವರ್ಗದ ಮಕ್ಕಳಿಗೂ ಇದ್ದುವು. ಕಸಬುದಾರರ ಮಕ್ಕಳಿಗೆ ವಿಶ್ವಕರ್ಮಪುರಾಣ ಮೊದಲಾದುವು, ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ ಮೊದಲಾದುವು ಹೆಚ್ಚಿನವಾಗಿದ್ದುವು. ಹುಡುಗರು ಇವನ್ನೆಲ್ಲ ಗಟ್ಟಿಯಾಗಿ ಓದುವರು, ಬಾಯಿಪಾಠ ಮಾಡುವರು. ಅರ್ಥವನ್ನು ಮಾತ್ರ ತಿಳಿಯರು. ಕಾವ್ಯದ ಭಾಷೆಯೇ ಬೇರೆ, ಆಡುವ ಭಾಷೆಯೇ ಬೇರೆ ಎಂದು ಕ್ಯಾಂಪ್‌ಬೆಲ್ ಕಟುವಾಗಿ ಟೀಕಿಸಿದ್ದಾನೆ. ಈ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು; ಗಿಣಿಪಾಠವು ನಮ್ಮ ವಿದ್ಯೆಯ ಹಳೆಯ ರೋಗ. ಆದರೆ ಆತನು ನೋಡಿದುದು ಹಗಲಿನ ಶಾಲೆಯನ್ನು. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಆಡುಮಾತಿನಲ್ಲಿ ಅರ್ಥ ಹೇಳುವುದು, ಊರು ಕುಳಿತು ಕೇಳುವುದು ಎಂಬ ಸಂಜೆಯ ಶಾಲೆಯೊಂದು ನಮ್ಮಲ್ಲಿ ದೇವಸ್ಥಾನದ ಅಂಗಳದಲ್ಲಿಯೋ ಮನೆಯ ಪಡಸಾಲೆಯಲ್ಲಿಯೋ ಬೇರೆಯಾಗಿಯೇ ನಡೆಯುತ್ತಿದ್ದಿತಷ್ಟೆ. ಹಗಲು ಬಾಯಿಗೆ ಬಂದುದು ರಾತ್ರಿ ಮನಸ್ಸಿಗೆ ಬರುವ ಸಂದರ್ಭವು ಕೆಲವರಿಗಾದರೂ ದೊರೆಯುತ್ತಿದ್ದಿರಬೇಕು. ನವರಾತ್ರಿಯು ಬಂದಿತೆಂದರೆ ಮಠವೇ ಬೀದಿಗೆ ಇಳಿಯುತ್ತಿದ್ದಿತು. ಕುಂದಾಪುರದ ಕಡೆಯಲ್ಲಿ ಐಗಳು ತಮ್ಮ ಮಕ್ಕಳ ಕೈಗೆ ಹೂವಿನಕೋಲನ್ನು ಕೊಟ್ಟು ಮನೆಮನೆಗೆ ಕರೆದೊಯ್ದು ಚೌಪದಗಳನ್ನು ಹೇಳಿಸುತ್ತಿದ್ದರು. ಗುರುವಿಗೆ ನಾಲ್ಕು ಕಾಸು ದೊರೆಯಲೆಂಬುದು ಅದರ ಒಂದು ಉದ್ದೇಶವೆಂಬುದೇನೋ ನಿಜ. ಆದರೂ ವರ್ಷವೆಲ್ಲ ಜಗಲಿಯ ಮೇಲೆ ಕೂಡಿ ಹೇಳಿದುದನ್ನು ಊರ ಕಿವಿಗೆ ಒಪ್ಪಿಸುವ ದಿನವೂ ಅದಾಗಿದ್ದಿತು.

ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯೋಗ್ಯವೇ ಸರಿ ಎಂದಿದ್ದಾನೆ. ಆತನು ಸೂಚಿಸುವ ವೃತ್ತಾಂತವಿದು. ಮದರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಮಕ್ಕಳಿಗಾಗಿ 1789ರಲ್ಲಿ ಒಂದು ಶಾಲೆಯಾಯಿತು. ಅದರ ಮೇಲ್ವಿಚಾರಕನಾದ ಆಂಡ್ರೂ ಬೆಲ್ ಎಂಬ ಪಾದ್ರಿಯು ಒಂದು ಮುಂಜಾನೆ ಕುದುರೆಯ ಮೇಲೆ ಹೋಗುತ್ತಿರುವಾಗ, ಊರ ಶಾಲೆಯ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದುದನ್ನು ಕಂಡನು. ಅದನ್ನೇ ತನ್ನ ಶಾಲೆಯಲ್ಲಿ ಜಾರಿಗೆ ತರಹೋದರೆ ಸಂಬಳದ ಉಪಾಧ್ಯಾಯರಿಂದ ಆಗಲಿಲ್ಲ. ಆಗ ಎಂಟು ವರ್ಷದ ಒಬ್ಬ ಹುಡುಗನಿಗೆ ಆ ಕೆಲಸವನ್ನು ಒಪ್ಪಿಸಿದನು, ಅವನಿಂದ ಆಯಿತು. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದರ ವರದಿಯನ್ನು ಅಚ್ಚುಹಾಕಿಸಿದನು. ಮರುವರ್ಷ ಜೋಸೆಫ್ ಲಂಕಾಸ್ಟರ್ ಎಂಬವನು ಅದೇ ನಗರದಲ್ಲಿ ಬಡ ಮಕ್ಕಳ ಶಾಲೆ ತೆರೆದು, ಇದೇ ಬಗೆಯ ಕ್ರಮವನ್ನು ದೊಡ್ಡದಾಗಿ ಬೆಳೆಸಿದನು. ‘ಮದರಾಸು ಪದ್ಧತಿ’ಯೆಂಬ ಹೆಸರಿನಿಂದ ಬೆಲ್ಲನ ಕ್ರಮವು ಇಂಗ್ಲೆಂಡಿನಲ್ಲೆಲ್ಲ ಹರಡಿತು. ಮರಳ ಬರಹವನ್ನು ನಮ್ಮಲ್ಲಿ ನೋಡಿ ಕಲಿತೆನೆಂದು ಬೆಲ್ ತಾನೇ ಒಪ್ಪಿಕೊಂಡಿದ್ದಾನೆ. ಹುಡುಗರಿಂದ ಹುಡುಗರಿಗೆ ಕಲಿಸುವ ಉಪಾಯವು ತನ್ನದೇ ಶೋಧವೆಂಬುದು ಅವನ ವಾದ.

ಈ ಇತಿಹಾಸವನ್ನು ಹೇಳುವಾಗ ನಮ್ಮವರಿಗೆ ಎದೆಯುಬ್ಬುವುದು ಸಹಜ. ನಮ್ಮ ಜಗಲಿಯಿಂದ ಲಂಡನ್ನಿನವರು ಕಲಿತರಲ್ಲವೆ! ಆದರೆ ಅವರು ಕೊಂಡೊಯ್ದುದು ಯಾವುದನ್ನು, ಬಿಟ್ಟುಹೋದುದು ಯಾವುದನ್ನು ಎಂದು ವಿಚಾರಿಸಬೇಕು. ಲಂಕಾಸ್ಟರನ ಶಾಲೆಯಲ್ಲಿ ಒಬ್ಬನೇ ಉಪಾಧ್ಯಾಯನು ನೂರಾರು ಮಕ್ಕಳನ್ನು ಆಳುತ್ತಿದ್ದನು. ಅವನ ಕೆಳಗೆ ಹುಡುಗ ಮೇಲ್ವಿಚಾರಕರು, ಅವರಿಗೆ ಬಿಲ್ಲೆಗಳು, ಪದವಿಗಳು, ಅಪ್ಪಣೆಗಳು. ಎಲ್ಲವೂ ಪಲ್ಟಣದ ಶಿಸ್ತು. ಕಡಮೆ ವೆಚ್ಚದಲ್ಲಿ ಹೆಚ್ಚು ಮಕ್ಕಳಿಗೆ ಅಕ್ಷರ ಬಂದಿತು. ಅದು ಸಣ್ಣ ಉಪಕಾರವಲ್ಲ. ಆದರೆ ದೇವಾಲಯದ ಮಂಟಪದಲ್ಲಿ ದೆಲ್ಲಾ ವಾಲ್ಲೆ ಕಂಡ ನಾಲ್ವರಲ್ಲಿ ಮೇಲ್ವಿಚಾರಕನೇ ಇರಲಿಲ್ಲ. ಬಳ್ಳಾರಿಯ ಮಠಗಳಲ್ಲಿ ಇವೆರಡೂ ಒಂದರ ಪಕ್ಕದಲ್ಲೊಂದು ಇದ್ದುವು: ಮೇಲಿನವನು ಕೆಳಗಿನವನಿಗೆ ಹೇಳಿಕೊಡುವುದೂ ಇದ್ದಿತು, ಸಮಾನರು ಕೂಡಿ ಕಾಗದ ಬಿಡಿಸಿ ಓದುವುದೂ ಇದ್ದಿತು. ಮೊದಲನೆಯದು ಹಡಗನ್ನೇರಿತು, ಎರಡನೆಯದು ನಮ್ಮಲ್ಲಿಯೇ ಉಳಿದು, ಬಹುಮಟ್ಟಿಗೆ ನಮ್ಮಲ್ಲಿಯೇ ಅಳಿಯಿತು.

ಹಾಗೆಂದು ಆ ಮರಳ ಸುತ್ತ ಎಲ್ಲರೂ ಕುಳಿತಿದ್ದರೆಂದು ಭ್ರಮಿಸಬಾರದು. ಕ್ಯಾಂಪ್‌ಬೆಲ್ಲನ ಅಂಕಿಗಳನ್ನೇ ನೋಡಿರಿ. 6,641 ಮಂದಿಯಲ್ಲಿ ಹೆಣ್ಣುಮಕ್ಕಳು 60. ಮುಸಲ್ಮಾನ ಬಾಲಕರು 243. ಬ್ರಾಹ್ಮಣ ಬಾಲಕರು 1,185; ಶೂದ್ರರೆಂದು ಎಣಿಸಿದ ವರ್ಗದ ಬಾಲಕರು 2,998. ಓದುಬರಹವು ಬ್ರಾಹ್ಮಣರೊಬ್ಬರ ಸೊತ್ತಾಗಿತ್ತೆಂಬ ಮಾತು ಈ ಜಿಲ್ಲೆಯ ಮಟ್ಟಿಗೆ ನಿಲ್ಲುವುದಿಲ್ಲ. ಆದರೂ ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರಕ್ಕೂ ಮೇಲ್ಪಟ್ಟ ಜನಸಂಖ್ಯೆಯಲ್ಲಿ ಶಾಲೆಗೆ ಹೋಗುತ್ತಿದ್ದವರು ಸಾವಿರಕ್ಕೆ ಏಳು ಮಂದಿ. ಮೊದಲು ಇದಕ್ಕಿಂತ ಹೆಚ್ಚು ಶಾಲೆಗಳಿದ್ದು, ನಾಡು ಬಡವಾದುದರಿಂದ ಅವು ಕ್ಷೀಣಿಸಿದುವೆಂದೂ, ವಿಲಾಯತಿಯ ಬಟ್ಟೆಯಿಂದ ನಮ್ಮ ನೇಕಾರರ ಕೈ ಕಟ್ಟಿತೆಂದೂ, ಈ ಶಾಲೆಗಳಲ್ಲಿ ಒಂದಕ್ಕಾದರೂ ಸರಕಾರದ ಸಹಾಯವಿಲ್ಲದಿರುವುದು ತನಗೆ ನಾಚಿಕೆಯೆಂದೂ ಆ ಕಲೆಕ್ಟರನು ಬರೆದುದು ಅವನಿಗೆ ಭೂಷಣವಾಗಿದೆ. ಆದರೆ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಹೊರಗುಳಿದುದಕ್ಕೆ ವಿಲಾಯತಿಯ ಬಟ್ಟೆಯನ್ನು ದೂರುವಂತಿಲ್ಲ. ಆ ಬೇಲಿಯನ್ನು ಕಟ್ಟಿದವರು ನಾವು.

ಆ ಬೇಲಿಯು ಸರಕಾರದ ಶಾಲೆಗಳು ಬಂದ ಮೇಲೂ ಬೀಳಲಿಲ್ಲ. 1856ರ ಜೂನ್ ತಿಂಗಳಿನಲ್ಲಿ ಮಹಾರ ಜಾತಿಯ ಬಾಲಕನೊಬ್ಬನು, ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ನ್ಯಾಯವು ಅರ್ಜಿದಾರನ ಪಕ್ಷದಲ್ಲಿದೆ, ಆದರೆ ಒಬ್ಬನಿಗಾಗಿ ಅವನನ್ನು ಒಳಗೆ ಬಿಟ್ಟರೆ ಶಾಲೆಯು ಉಳಿದವರೆಲ್ಲರಿಗೆ ನಿರುಪಯೋಗವಾಗುವುದು ಎಂಬ ಅಭಿಪ್ರಾಯದ ಉತ್ತರವನ್ನು ಆ ಸರಕಾರವು ಕೊಟ್ಟಿತು. ಹಿಂದುಸ್ಥಾನದ ಸರಕಾರವು ಇದನ್ನು ಒಪ್ಪಲಿಲ್ಲ. ಲಂಡನ್ನಿನ ಕಂಪನಿಯ ನಿರ್ದೇಶಕರೂ 1858ರಲ್ಲಿ, ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ನಿರ್ಣಯಿಸಿದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಜಗಲಿಯಲ್ಲಿ ಪಕ್ಕದವನು ಸರಿದು ಸ್ಥಳ ಕೊಡುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ನಾವೆಲ್ಲರೂ ಬಲ್ಲೆವು. ಆ ಧಾರವಾಡದ ಬಾಲಕನ ಅರ್ಜಿಯನ್ನು ನೆನೆಯುವಾಗಲೆಲ್ಲ, ಒಬ್ಬನು ತಪ್ಪಿದರೆ ಇತರರು ತಿದ್ದಲಿ ಎಂಬ ಆ ನಾಲ್ವರ ಮಾತಿನಲ್ಲಿ ‘ಇತರರು’ ಯಾರು ಎಂಬ ಪ್ರಶ್ನೆಯು ನನ್ನನ್ನು ಕಾಡುವುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಾಲೆಗಳು ಹೆಚ್ಚಿದುವು. ಮೈಸೂರು ಸೀಮೆಯಲ್ಲಿ 1868ರಲ್ಲಿ ಬಿ. ಎಲ್. ರೈಸ್‌ರವರ ಯೋಜನೆಯಂತೆ ಹೋಬಳಿ ಶಾಲೆಗಳಾದುವು. ಅಚ್ಚಿನ ಪುಸ್ತಕಗಳು ಬಂದುವು. ಇವೆಲ್ಲ ಲಾಭಗಳೇ. ಆದರೆ ಇವುಗಳ ಸಂಗಡ ಪರೀಕ್ಷೆಯ ಹೊಸ ಧರ್ಮವೂ ಬಂದಿತು. ಮದರಾಸು ಪ್ರಾಂತದಲ್ಲಿ ಇನ್ಸ್‌ಪೆಕ್ಟರನು ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸುವನು. ಎಷ್ಟು ಮಂದಿ ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಹಣ. ಒಬ್ಬೊಬ್ಬ ಹುಡುಗನ ತಲೆಗೂ ಬೆಲೆ ಕಟ್ಟಿದ ಮೇಲೆ, ಒಬ್ಬನ ಉತ್ತರವನ್ನು ಇನ್ನೊಬ್ಬನು ತಿದ್ದುವುದು ಹೇಗೆ? ಗೇರುಸೊಪ್ಪೆಯ ಘಟ್ಟದಲ್ಲಿ ವಿದ್ಯೆಯ ಮಾರ್ಗವಾಗಿದ್ದುದು ಈಗ ಅಪರಾಧವಾಯಿತು. ‘ಹೇಳಿಕೊಡಬೇಡ’, ‘ಪಕ್ಕಕ್ಕೆ ನೋಡಬೇಡ’ ಎಂಬ ಎರಡು ವಾಕ್ಯಗಳನ್ನು ನಾವೆಲ್ಲರೂ ವರ್ಣಮಾಲೆಯ ಸಂಗಡವೇ ಕಲಿತವರು. ಪರೀಕ್ಷೆಯು ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ದಿನದ ನಿಯಮವು ವರ್ಷದ ಎಲ್ಲ ದಿನಗಳ ನಿಯಮವಾದುದು ಸರಿಯಲ್ಲವೆಂದಷ್ಟೆ ನನ್ನ ಮಾತು.

ನನ್ನ ಅನುಭವವನ್ನೊಂದಿಷ್ಟು ಹೇಳಿದರೆ ವಾಚಕರು ಕ್ಷಮಿಸಬೇಕು. ಪಕ್ಕದವನಿಗೆ ಒಂದು ಒತ್ತಕ್ಷರವನ್ನು ಪಿಸುಮಾತಿನಲ್ಲಿ ಹೇಳಿಕೊಟ್ಟುದಕ್ಕಾಗಿ ಬಾಲ್ಯದಲ್ಲಿ ನಾನೊಮ್ಮೆ ಬಾಗಿಲ ಹೊರಗೆ ನಿಂತುದುಂಟು. ಕೆಲವು ವರ್ಷಗಳ ಮೇಲೆ ಇನ್ನೊಂದು ಶಾಲೆಯಲ್ಲಿ ನಾವು ಐದಾರು ಮಂದಿ ಸೇರಿ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದೆವು. ಅಂಥ ಪತ್ರಿಕೆಗೆ ಇರುವುದು ಒಂದೇ ಪ್ರತಿ. ಬರೆಯುವವನೊಬ್ಬ, ದುಂಡಾದ ಅಕ್ಷರದಲ್ಲಿ ನಕಲು ಮಾಡುವವನೊಬ್ಬ, ಚಿತ್ರ ಬಿಡಿಸುವವನೊಬ್ಬ. ನಕಲಾಗುವ ಮೊದಲು ಎಲ್ಲರೂ ಸುತ್ತ ಕುಳಿತು ಗಟ್ಟಿಯಾಗಿ ಓದಿ ಕೇಳಬೇಕೆಂಬುದು ಕಟ್ಟಳೆ. ನಾನು ನೇಕಾರರ ಬಾಳನ್ನು ಕುರಿತು ಒಂದು ಲೇಖನವನ್ನು ಬಹಳ ಅಭಿಮಾನದಿಂದ ಬರೆದಿದ್ದೆನು. ತರಗತಿಯಲ್ಲಿ ಬಾಯಿ ಬಿಡದೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬನು ಅದನ್ನು ಕೇಳುತ್ತ ಒಂದು ಕಡೆ ಕೈಯೆತ್ತಿದನು. ಅವನ ಮನೆಯಲ್ಲಿ ಮಗ್ಗವಿದ್ದಿತು. ನಾನು ಹಾಸನ್ನು ಹೊಕ್ಕೆಂದೂ ಹೊಕ್ಕನ್ನು ಹಾಸೆಂದೂ ಬರೆದುಬಿಟ್ಟಿದ್ದೆನು. ಉದ್ದಕ್ಕೆ ಕಟ್ಟಿದ ಎಳೆ ಯಾವುದು, ಲಾಳಿಯು ಅಡ್ಡಕ್ಕೆ ತರುವ ಎಳೆ ಯಾವುದು ಎಂಬುದನ್ನು ಅವನು ನೆಲದ ಮೇಲೆ ಬಳಪದಿಂದ ಗೆರೆಯೆಳೆದು ತೋರಿಸಿದನು. ಆ ದಿನದಿಂದ ಓದಿ ತಿದ್ದುವ ಕೆಲಸಕ್ಕೆ ಅವನೂ ನಮ್ಮ ಸಂಗಡ ಕುಳಿತುಕೊಳ್ಳತೊಡಗಿದನು.